ಮಣಿಯ ಬೆಲೆ, ಪೋಣಿಸುವ ಕೈಯ ಬೆಲೆ

ಸಹಕಾರಿ ಸಂಘವೆಂದರೆ ಮಣಿಸರವಿದ್ದ ಹಾಗೆ, ಸದಸ್ಯರೆಲ್ಲ ಮಣಿಗಳು, ಸಂಘವೇ ದಾರ ಎಂದು ವಾರ್ಷಿಕ ಸಭೆಗಳಲ್ಲಿ ಭಾಷಣ ಮಾಡುವವರು ಹೇಳುವುದುಂಟು. ಮಾತು ಚೆನ್ನಾಗಿದೆ, ಕೇಳಿದ ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಹೋಲಿಕೆಯಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ. ಮಣಿ ಇದೆ, ದಾರ ಇದೆ, ಆದರೆ ಅದನ್ನು ಪೋಣಿಸಿದವರು ಯಾರು? ಹಬ್ಬಕ್ಕೆ, ಮದುವೆಗೆ ನಾವು ಕೊಳ್ಳುವ ಝಗಝಗಿಸುವ ಮಣಿಸರದ ಬೆಲೆಯಲ್ಲಿ ಆ ಕೈಗೆ ಸೇರಿದ್ದು ಎಷ್ಟು? ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಮಣಿಯ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಮೂಲಕ ನೋಡುವುದು ಸೂಕ್ತವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮಣಿ ಇಲ್ಲದ ಹಬ್ಬವಿಲ್ಲ

ನಮ್ಮಲ್ಲಿ ಹೆಣ್ಣುಮಗಳ ಬಾಳಿನ ಎಲ್ಲ ಶುಭಕಾರ್ಯಗಳಲ್ಲಿಯೂ ಮಣಿ ಇದೆ. ತೊಟ್ಟಿಲ ಕೂಸಿನ ಕೈಗೆ ದೃಷ್ಟಿ ತಾಗದಿರಲೆಂದು ಕರಿಮಣಿ ಕಟ್ಟುತ್ತಾರೆ. ಮದುವೆಯಲ್ಲಿ ತಾಳಿಯ ಜೊತೆ ಕರಿಮಣಿ ಇರಬೇಕು, ನಡುವೆ ಹವಳ ಇರಬೇಕು. ಉಳ್ಳವರ ಮನೆಯ ಬೋರಮಾಳ ಸರವೂ ಮಣಿಸರವೇ. ಬೋರೆಹಣ್ಣಿನ ಆಕಾರದ ಪೊಳ್ಳು ಚಿನ್ನದ ಗುಂಡುಗಳಿಗೆ ಅರಗು ತುಂಬಿ ಸಾಲಾಗಿ ಪೋಣಿಸಿದ್ದು ಅದು. ಚಿನ್ನ ಕೊಳ್ಳಲಾಗದವರಿಗೆ ಜಾತ್ರೆಯ ಗಾಜಿನ ಮಣಿ ಇದ್ದೇ ಇತ್ತು. ಪಂಚಮಿಗೆ ತವರಿಗೆ ಬಂದ ಮಗಳಿಗೆ ಬಳೆ ಇಡಿಸಿ ಒಂದು ಮಣಿಸರ ಕೊಡಿಸಿದರೆ ಅವ್ವನಿಗೆ ಸಮಾಧಾನ.

ಅಕ್ಕಸಾಲಿಗ ಗುಂಡು ಮಾಡಿಕೊಟ್ಟರೆ ಅಷ್ಟಕ್ಕೇ ಸರ ಆಗುತ್ತಿರಲಿಲ್ಲ. ಅದನ್ನು ರೇಷ್ಮೆ ದಾರದಲ್ಲಿ ಪೋಣಿಸಿ, ಗೊಂಡೆ ಕಟ್ಟಿ ಕೊಡಲು ಪಟವೇಗಾರರು ಬೇಕಿತ್ತು. ಈ ಕೆಲಸದ ಗುಟ್ಟು ಗಂಟಿನಲ್ಲಿದೆ. ಮುತ್ತಿನ ಸರದಲ್ಲಿ ಒಂದೊಂದು ಮುತ್ತಿಗೂ ಒಂದೊಂದು ಗಂಟು ಹಾಕುತ್ತಾರೆ. ಸರ ಹರಿದರೂ ಒಂದೇ ಮುತ್ತು ಹೋಗಬೇಕು, ಎಲ್ಲವೂ ಚೆಲ್ಲಬಾರದು. ಗಾಜಿನ ಮಣಿಯ ತೂತಿನ ಅಂಚು ಒರಟಾಗಿದ್ದರೆ ದಾರವನ್ನು ಕೊಯ್ಯುತ್ತದೆ. ಹತ್ತಿಯ ದಾರ ಬೆವರಿಗೆ, ಅರಿಶಿನಕ್ಕೆ ಬೇಗ ಜಡ್ಡಾಗುತ್ತದೆ. ಇಷ್ಟೆಲ್ಲ ತಿಳಿದು ಪೋಣಿಸಿದ ಸರ ಮಾತ್ರ ಹತ್ತು ಹಬ್ಬ ಕಾಣುತ್ತದೆ.

ಸಾವಿರಾರು ವರ್ಷಗಳ ಕಸುಬು

ಮನುಷ್ಯ ಲೋಹ ಕಾಣುವುದಕ್ಕೆ, ಬೇಸಾಯ ಕಲಿಯುವುದಕ್ಕೆ ಬಹಳ ಹಿಂದೆಯೇ ಮಣಿ ಮಾಡಿದ್ದ. ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಗುಹೆಯಲ್ಲಿ ತೂತು ಕೊರೆದ ಚಿಪ್ಪಿನ ಮಣಿಗಳು ಸಿಕ್ಕಿವೆ. ಅವು ಸುಮಾರು 75,000 ವರ್ಷ ಹಳೆಯವು. ನಮ್ಮ ನೆರೆಯ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಗಳು ದೊರೆತಿವೆ. ಅವೂ ಶಿಲಾಯುಗದವೇ.

ಸಿಂಧೂ ಕಣಿವೆಯವರು ಈ ಕಸುಬನ್ನು ಎಲ್ಲಿಗೋ ಒಯ್ದರು. ಲೋಥಲ್, ಧೋಲಾವೀರ, ಚನ್ಹುದಾರೋ ಊರುಗಳಲ್ಲಿ ಮಣಿ ಮಾಡುವ ಕಾರ್ಖಾನೆಗಳೇ ಇದ್ದವು. ಗುಜರಾತಿನಿಂದ ಬರುತ್ತಿದ್ದ ಕಲ್ಲನ್ನು ಸುಟ್ಟು ಕೆಂಪು ಬರಿಸಿ ಉದ್ದುದ್ದನೆಯ ಮಣಿಗಳನ್ನು ಅಲ್ಲಿ ಕೊರೆಯುತ್ತಿದ್ದರು. ಇಂಥ ಮಣಿಗಳು ಇರಾಕಿನ ಉರ್ ಪಟ್ಟಣದ ರಾಜಸಮಾಧಿಗಳಲ್ಲಿಯೂ ಸಿಕ್ಕಿವೆ ಅಂದಮೇಲೆ ಅವುಗಳಿಗೆ ಎಂಥ ಬೇಡಿಕೆ ಇತ್ತು ಎಂಬುದನ್ನು ಊಹಿಸಬಹುದು. ಜೊನಾಥನ್ ಮಾರ್ಕ್ ಕೆನೊಯರ್ ಎಂಬ ವಿದ್ವಾಂಸರು ಆ ಕಾಲದ ವಿಧಾನದಲ್ಲಿಯೇ ಕಲ್ಲು ಕೊರೆಸಿ ನೋಡಿದರು. ಒಂದು ಗಂಟೆಗೆ ಸುಮಾರು 2.5 ಮಿಲಿಮೀಟರ್ ಮಾತ್ರ ತೂತು ಇಳಿಯಿತು! ಅಲ್ಲಾದಿನೋ ಎಂಬಲ್ಲಿ ಸಿಕ್ಕ 36 ಉದ್ದ ಮಣಿಗಳ ಒಂದು ನಡುಪಟ್ಟಿಗೆ 480 ದಿನಗಳಿಗೂ ಹೆಚ್ಚಿನ ದುಡಿಮೆ ಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಇವತ್ತು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಂಥ ಪಟ್ಟಿಯನ್ನು ಕಂಡವರು "ಎಷ್ಟು ಚೆಂದ" ಅನ್ನುತ್ತಾರೆ. ಒಂದೂವರೆ ವರ್ಷ ಕೂತು ಕೊರೆದವನು ಯಾರು ಅಂತ ಕೇಳುವುದಿಲ್ಲ.

ಅದೇ ಕಸುಬು ಗುಜರಾತಿನ ಖಂಭಾತಿನಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಅಲ್ಲಿ ಕಲ್ಲು ಉಜ್ಜುವವರ ಶ್ವಾಸಕೋಶಕ್ಕೆ ಸಣ್ಣ ಧೂಳು ಸೇರಿ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಅದು ವಾಸಿಯಾಗುವಂಥದಲ್ಲ. ಕೊರಳಲ್ಲಿ ಹೊಳೆಯುವ ಕೆಂಪು ಮಣಿಯ ಹಿಂದೆ ಹೀಗೆ ಕೆಮ್ಮುವ ಒಂದು ಎದೆಯೂ ಇರಬಹುದು ಎಂಬುದನ್ನು ನಾವು ಮರೆಯಬಾರದು.

ನಮ್ಮ ಕರ್ನಾಟಕವೇನೂ ಹಿಂದೆ ಉಳಿದಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆಯಿತು. ಅಶೋಕನ ಶಾಸನಗಳಿಂದ ಹೆಸರಾದ ಈ ಎರಡೂ ಊರುಗಳಲ್ಲಿ ಮಣ್ಣಿನೊಳಗಿಂದ ಮಣಿಗಳು ಬಂದವು. ನಮ್ಮ ಹೊಲದ ಮಣ್ಣಿನಂಥ ಮಣ್ಣಿನಲ್ಲಿಯೇ ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ತಾಯಿ ಸರ ಹಾಕಿಕೊಂಡು ಓಡಾಡಿದ್ದಳು.

ಗಾಜಿನ ಮಣಿ ಹೇಗೆ ಹುಟ್ಟುತ್ತದೆ?

ಕಲ್ಲಿನ ಮಣಿಯನ್ನು ಒಂದೊಂದಾಗಿ ಕೊರೆಯಬೇಕು. ಗಾಜಿನ ಮಣಿ ಹಾಗಲ್ಲ, ಒಂದೇ ಸಲಕ್ಕೆ ಸಾವಿರಾರು ಹುಟ್ಟುತ್ತವೆ. ಈ ವಿದ್ಯೆಯಲ್ಲಿ ದಕ್ಷಿಣ ಭಾರತದವರು ಜಗತ್ತಿಗೇ ಮುಂದಿದ್ದರು. ಪುದುಚೇರಿಯ ಬಳಿಯ ಅರಿಕಮೇಡು ಇದರ ದೊಡ್ಡ ಕೇಂದ್ರವಾಗಿತ್ತು. 1945ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದರು. ದಕ್ಷಿಣ ಭಾರತದಲ್ಲಿ ಹುಟ್ಟಿ ಬೆಳೆದ ಈ ವಿಧಾನದ ಪುಟ್ಟ ಪುಟ್ಟ ಗಾಜಿನ ಮಣಿಗಳು ಶ್ರೀಲಂಕಾ, ಮಲೇಷ್ಯಾ, ವಿಯೆಟ್ನಾಂ, ಕೊರಿಯಾ, ಆಫ್ರಿಕಗಳಲ್ಲೆಲ್ಲ ಸಿಕ್ಕಿರುವುದರಿಂದ ಪಂಡಿತರು ಅವುಗಳನ್ನು ಇಂಡೋ-ಪೆಸಿಫಿಕ್ ಮಣಿಗಳೆಂದು ಕರೆಯುತ್ತಾರೆ.

ಈ ಹಳೆಯ ವಿಧಾನ ಆಂಧ್ರದ ತಿರುಪತಿಯ ಸಮೀಪದ ಪಾಪಾನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದದ್ದು ಸೋಜಿಗವೇ ಸರಿ. ಪೀಟರ್ ಫ್ರಾನ್ಸಿಸ್ ಎಂಬ ಮಣಿತಜ್ಞರು ಅದನ್ನು ನೋಡಿ ದಾಖಲಿಸಿದ್ದಾರೆ. ಕೆಲಸ ಹೀಗಿದೆ. ಕುಲುಮೆಯಲ್ಲಿ ಕರಗಿದ ಗಾಜಿನ ದೊಡ್ಡ ಮುದ್ದೆಯನ್ನು 'ಲಾಡ' ಎಂಬ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಸುತ್ತುತ್ತಾರೆ. ಅದನ್ನು ಉರುಳಿಸಿ ಶಂಕುವಿನ ಆಕಾರಕ್ಕೆ ತಂದು ನಡುವೆ ತೂತು ಮಾಡುತ್ತಾರೆ. ಕುಲುಮೆಯ ಆಚೆ ಬದಿಯಿಂದ ಇನ್ನೊಬ್ಬ ಕೊಕ್ಕೆ ಹಾಕಿ ಎಳೆಯುತ್ತಾನೆ. ಬೆಲ್ಲದ ಪಾಕ ಎಳೆ ಎಳೆಯಾಗಿ ಬರುವಂತೆ ಗಾಜು ಸಣ್ಣ ಕೊಳವೆಯಾಗಿ ಬರುತ್ತಲೇ ಇರುತ್ತದೆ, ಒಳಗಿನ ತೂತು ಮುಚ್ಚುವುದಿಲ್ಲ. ಆ ಕೊಳವೆಗಳನ್ನು ಚೂರು ಚೂರು ಕತ್ತರಿಸಿ, ತೂತಿಗೆ ಬೂದಿ ತುಂಬುವಂತೆ ಬೆರೆಸಿ ಬಾಣಲೆಯಲ್ಲಿ ಹುರಿಯುತ್ತಾರೆ. ಅಂಚು ಕರಗಿ ದುಂಡಗಾಗುತ್ತದೆ. ಬೂದಿ ಉದುರಿಸಿ, ತೊಳೆದು, ಜರಡಿ ಹಿಡಿದರೆ ಮಣಿ ಸಿದ್ಧ. ತಾಮ್ರ ಸೇರಿಸಿದರೆ ಕೆಂಪೋ ಹಸಿರೋ ಬರುತ್ತದೆ, ಕೋಬಾಲ್ಟ್ ಸೇರಿಸಿದರೆ ನೀಲಿ.

ಇಷ್ಟು ಹೊತ್ತು ಬೆಂಕಿಯ ಮುಂದೆ ನಿಂತು ಮಾಡಿದ ಮಣಿಯನ್ನು ಕೊನೆಗೆ ಮಾರುವುದು ತೂಕದ ಲೆಕ್ಕದಲ್ಲಿ. ಮಣಿ ಅಗ್ಗವಾದದ್ದು ಬಡವರ ಕೊರಳಿಗೆ ಒಳ್ಳೆಯದೇ ಆಯಿತು, ಆದರೆ ಮಾಡಿದವರ ಕೈಗೆ ಅಷ್ಟೇನೂ ಉಳಿಯಲಿಲ್ಲ.

ಹವಳ ಹಡಗಿನಲ್ಲಿ ಬಂತು

ನಮ್ಮ ಕರಿಮಣಿಯ ನಡುವಿನ ಕೆಂಪು ಹವಳ ನಮ್ಮ ಸಮುದ್ರದ್ದಲ್ಲ. ಒಳ್ಳೆಯ ಕೆಂಪು ಹವಳ ಬರುತ್ತಿದ್ದದ್ದು ಯುರೋಪಿನ ತೆಂಕಣ ಭಾಗದ ಮೆಡಿಟರೇನಿಯನ್ ಸಮುದ್ರದಿಂದ. ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ ಲೇಖಕ ಪ್ಲಿನಿ, ನಮ್ಮವರಿಗೆ ಇಂಡಿಯಾದ ಮುತ್ತು ಎಷ್ಟು ಪ್ರಿಯವೋ ಇಂಡಿಯಾದವರಿಗೆ ಹವಳ ಅಷ್ಟೇ ಪ್ರಿಯ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ಬಂದರಿನ ಯಹೂದಿ ವರ್ತಕರು ಹವಳವನ್ನು ಗೋವೆಗೆ ಕಳಿಸಿ ಅದಕ್ಕೆ ಬದಲಾಗಿ ವಜ್ರ ತರಿಸಿಕೊಳ್ಳುತ್ತಿದ್ದರು. ಅವರ ದೃಷ್ಟಿಯಲ್ಲಿ ಹವಳಕ್ಕೆ ವಜ್ರ ಲಾಭ, ನಮ್ಮವರ ದೃಷ್ಟಿಯಲ್ಲಿ ವಜ್ರಕ್ಕಿಂತ ಹವಳ ಮಂಗಳಕರ. ಬೆಲೆ ಎಂಬುದು ವಸ್ತುವಿನಲ್ಲಿಲ್ಲ, ಬಯಸುವವರ ಮನಸ್ಸಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಮಣಿಯ ವೈಭವವನ್ನು ಕಾಣಬೇಕೆಂದರೆ ವಿಜಯನಗರಕ್ಕೆ ಹೋಗಬೇಕು. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ ಸುಮಾರು 1520ರ ಹೊತ್ತಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮೆರವಣಿಗೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅರಮನೆಯ ಹೆಂಗಸರು ತೊಟ್ಟಿದ್ದ ಚಿನ್ನ, ಮುತ್ತು, ರತ್ನಗಳ ಭಾರ ಎಷ್ಟಿತ್ತೆಂದರೆ ಕೆಲವರಿಗೆ ನಡೆಯಲು ಪಕ್ಕದಲ್ಲಿ ತೋಳು ಹಿಡಿಯುವವರು ಬೇಕಾಗಿತ್ತಂತೆ. ಅದಕ್ಕೂ ನಾಲ್ಕು ಶತಮಾನ ಹಿಂದೆ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಯರ ಕೊರಳು, ಸೊಂಟ, ತೋಳುಗಳಲ್ಲಿ ಶಿಲ್ಪಿಗಳು ಕಲ್ಲಿನಲ್ಲೇ ಮಣಿ ಪೋಣಿಸಿದ್ದಾರೆ. ಬೇಲೂರಿನ ಕೆಲವು ಶಿಲ್ಪಿಗಳ ಹೆಸರು ಶಿಲ್ಪದ ಕೆಳಗೆ ಉಳಿಯಿತು. ಮಣಿ ಪೋಣಿಸಿದ ಕೈಗಳ ಹೆಸರು ಎಲ್ಲಿಯೂ ಉಳಿಯಲಿಲ್ಲ.

1904ರ ಎರಡು ಸಂಗತಿಗಳು

ಈಗ ಸ್ವಲ್ಪ ದೂರದ ಊರಿಗೆ ಹೋಗೋಣ. ಇಟಲಿಯ ವೆನಿಸ್ ಗಾಜಿನ ಕೆಲಸಕ್ಕೆ ಲೋಕಪ್ರಸಿದ್ಧ. ಕುಲುಮೆಯ ಬೆಂಕಿಯಿಂದ ಊರಿಗೆ ಅಪಾಯವೆಂದು 1291ರಲ್ಲಿ ಅಲ್ಲಿನ ಸರ್ಕಾರ ಗಾಜಿನ ಕುಲುಮೆಗಳನ್ನು ಪಕ್ಕದ ಮುರಾನೋ ದ್ವೀಪಕ್ಕೆ ಕಳಿಸಿತು. ಅಲ್ಲಿನ ಸಾಸಿವೆಯಂಥ ಸಣ್ಣ ಮಣಿಗಳು ಆಫ್ರಿಕ, ಅಮೆರಿಕ, ಇಂಡಿಯಾಗಳಿಗೆಲ್ಲ ಹೋಗುತ್ತಿದ್ದವು. ಮಾರಾಟಕ್ಕೆ ಕಳಿಸುವ ಮೊದಲು ಅವುಗಳನ್ನು ದಾರಕ್ಕೆ ಪೋಣಿಸಿ ಕಂತೆ ಕಟ್ಟಬೇಕಾಗಿತ್ತು. ಆ ಕೆಲಸ ಬಡ ಹೆಣ್ಣುಮಕ್ಕಳದು. ಅವರನ್ನು ಅಲ್ಲಿಯ ಮಾತಿನಲ್ಲಿ 'ಇಂಪಿರಾರೆಸ್ಸೆ' ಅನ್ನುತ್ತಿದ್ದರು, ಅಂದರೆ ಪೋಣಿಸುವವರು.

ಅವರು ಕೆಲಸ ಮಾಡುತ್ತಿದ್ದ ರೀತಿ ಕೇಳಿದರೆ ನಮ್ಮ ಓಣಿಯ ಚಿತ್ರವೇ ಕಣ್ಣಿಗೆ ಬರುತ್ತದೆ. ಮನೆಯ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಮಣಿ ತುಂಬಿದ ಮರದ ತಟ್ಟೆ ಇಟ್ಟುಕೊಂಡು, ಹತ್ತಾರು ಉದ್ದ ಸೂಜಿಗಳನ್ನು ಬೀಸಣಿಗೆಯ ಹಾಗೆ ಒಂದೇ ಕೈಯಲ್ಲಿ ಹಿಡಿದು ಮಣಿಯ ರಾಶಿಗೆ ತೂರಿಸುತ್ತಿದ್ದರು. ಪಕ್ಕದಲ್ಲಿ ಕೂಸು, ಒಲೆಯ ಮೇಲೆ ಅಡುಗೆ, ಬಾಯಲ್ಲಿ ಮಾತು, ಕೈಯಲ್ಲಿ ಸೂಜಿ. ಕಾರ್ಖಾನೆಯಿಂದ ಮಣಿ ತಂದುಕೊಟ್ಟು ಕಂತೆ ವಾಪಸು ಒಯ್ಯುವ ಒಬ್ಬ ಮಧ್ಯವರ್ತಿ ಹೆಂಗಸು ಇರುತ್ತಿದ್ದಳು. ಕೂಲಿ ಕಂತೆಯ ಲೆಕ್ಕ, ಅದರಲ್ಲಿ ಅವಳದೊಂದು ಪಾಲು. ಕೂಲಿ ಎಷ್ಟೂ ಸಾಲುತ್ತಿರಲಿಲ್ಲ. 1904ರಲ್ಲಿ ಈ ಹೆಣ್ಣುಮಕ್ಕಳು ಸೂಜಿ ಕೆಳಗಿಟ್ಟು ಮುಷ್ಕರ ಹೂಡಿದರು. ಮನೆಯಲ್ಲಿ ಕೂತು ಒಬ್ಬೊಬ್ಬರೇ ಕೆಲಸ ಮಾಡುವವರು ಒಟ್ಟಾಗಿ ನಿಲ್ಲುವುದು ಸುಲಭದ ಮಾತಲ್ಲ.

ಅದೇ 1904ರಲ್ಲಿ ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕರ್ನಾಟಕದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ವೆನಿಸ್ಸಿಗೂ ಕಣಗಿನಹಾಳಕ್ಕೂ ಸಂಬಂಧವೇನೂ ಇಲ್ಲ. ಆದರೆ ಎರಡೂ ಕಡೆ ಜನರಿಗೆ ಹೊಳೆದದ್ದು ಒಂದೇ: ದುಡಿಯುವವನು ಒಬ್ಬನೇ ನಿಂತರೆ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ. ಕಣಗಿನಹಾಳದಲ್ಲಿ ಅದು ಸಾಹುಕಾರನ ಬಡ್ಡಿಯ ಮಾತಾಗಿತ್ತು, ವೆನಿಸ್ಸಿನಲ್ಲಿ ಕೂಲಿಯ ಮಾತು.

ಮಿಂಚು ಎಲ್ಲಿಂದ ಬಂತು?

ಇಂದಿನ ಹಬ್ಬದ ಸರಗಳಿಗೆ ಹಳೆಯ ಮಣಿಗಳಿಗಿಲ್ಲದ ಒಂದು ಝಗಮಗ ಇದೆ. ಅದು ಬಂದದ್ದು ಈಗಿನ ಚೆಕ್ ದೇಶದ ಯಾಬ್ಲೊನೆಟ್ಸ್ ಪ್ರದೇಶದಿಂದ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಗಾಬ್ಲೊಂಜ್ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿನ ಗಾಜಿನ ಮಣಿ, ಬಳೆಗಳು ಇಂಡಿಯಾದ ಪೇಟೆಗೆ ರಾಶಿ ರಾಶಿಯಾಗಿ ಬರುತ್ತಿದ್ದವು. ಅದೇ ಸೀಮೆಯ ಡೇನಿಯಲ್ ಸ್ವರೋವ್ಸ್ಕಿ ಎಂಬಾತ 1892ರಲ್ಲಿ ಗಾಜಿನ ಹರಳನ್ನು ನಿಖರವಾಗಿ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದು, 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್ ಎಂಬ ಊರಿನಲ್ಲಿ ಕಾರ್ಖಾನೆ ತೆಗೆದ. ಗಾಜಿಗೆ ಸೀಸದ ಅಂಶ ಸೇರಿಸಿದರೆ ಬೆಳಕು ಹೆಚ್ಚು ಬಾಗುತ್ತದೆ, ಮುಖಗಳನ್ನು ನೇರವಾಗಿ ಕೊಯ್ದರೆ ಬೆಳಕು ಒಳಗೇ ತಿರುಗಿ ಹೊರಗೆ ಚಿಮ್ಮುತ್ತದೆ. ಮಿಂಚಿನ ಗುಟ್ಟು ಇಷ್ಟೇ. ಈಗ ಆ ಕಂಪನಿಯೂ ಸೀಸ ಬಿಟ್ಟು ಬೇರೆ ಮಿಶ್ರಣ ಬಳಸುತ್ತದೆ.

ಯಂತ್ರ ಹರಳನ್ನು ಕೊಯ್ದಿತು, ಮಣಿಯನ್ನು ಅಚ್ಚು ಹಾಕಿತು. ಪ್ಲಾಸ್ಟಿಕ್ ಬಂದ ಮೇಲೆ ಮಣಿ ಇನ್ನೂ ಅಗ್ಗವಾಯಿತು. ಆದರೆ ಬಣ್ಣ ಹೊಂದಿಸಿ, ಅಳತೆ ನೋಡಿ, ನಾಲ್ಕೆಳೆ ಸರವನ್ನು ಕೊರಳಿಗೆ ಸರಿಯಾಗಿ ಕೂರುವಂತೆ ಹೆಣೆಯುವುದಕ್ಕೆ ಇವತ್ತಿಗೂ ಕೈಯೇ ಬೇಕು.

ನಮ್ಮ ನಾಡಿನ ಎರಡು ಕೊರಳು

ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳ ಕೊರಳು ಎಳೆ ಎಳೆಯ ಮಣಿಸರಗಳಿಂದ ತುಂಬಿರುತ್ತದೆ. 2021ರ ನವೆಂಬರ್ 8ರಂದು ಅಂಕೋಲಾ ತಾಲ್ಲೂಕಿನ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಬರಿಗಾಲಿನಲ್ಲಿ, ಅದೇ ಮಣಿಸರಗಳನ್ನು ಧರಿಸಿ ನಡೆದು ಹೋದದ್ದನ್ನು ನಾಡೇ ನೋಡಿತು. ಅದೇ ತಾಲ್ಲೂಕಿನ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿಯೇ ಪದ್ಮಶ್ರೀ ಬಂದಿತ್ತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಮಣಿಸರಗಳು ಪೇಟೆಯ ಲೆಕ್ಕದಲ್ಲಿ ಅಗ್ಗದವು, ಆದರೆ ಆ ಸಭೆಯಲ್ಲಿ ಅವುಗಳಿಗೆ ಸಿಕ್ಕ ಗೌರವ ಯಾವ ವಜ್ರಕ್ಕೂ ಸಿಗಲಿಲ್ಲ.

ಇನ್ನು ನಮ್ಮ ಲಂಬಾಣಿ ತಾಂಡಾದ ಅಕ್ಕಂದಿರ ಕೆಲಸ. ಕನ್ನಡಿ, ಕವಡೆ, ನಾಣ್ಯ, ಮಣಿ ಇವೆಲ್ಲ ಸೂಜಿಯ ಮೊನೆಯಲ್ಲಿ ಒಂದಾಗುತ್ತವೆ. ಮೊದಲು ತಮಗಾಗಿ ಹೊಲಿದುಕೊಳ್ಳುತ್ತಿದ್ದದ್ದು ಸಂಡೂರಿನ ಕುಶಲ ಕಲಾ ಕೇಂದ್ರದ ಮೂಲಕ ಪೇಟೆ ಕಂಡಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಕೈಯಿಂದ ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಒಬ್ಬಳೇ ಕೂತು ಹೊಲಿದಿದ್ದರೆ ಅದು ಸಂತೆಯ ಚೌಕಾಸಿಯಲ್ಲಿ ಮುಗಿಯುತ್ತಿತ್ತು. ಒಂದು ಸಂಸ್ಥೆಯ ಹೆಸರಿನಲ್ಲಿ ಒಟ್ಟಾದದ್ದರಿಂದ ಅದಕ್ಕೆ ಬೆಲೆಯೂ ಬಂತು, ಹೆಸರೂ ಬಂತು.

ನಾವು ಮಾಡಬೇಕಾದ ಲೆಕ್ಕ

ನಮ್ಮ ಓಣಿಗಳಲ್ಲಿಯೂ ಈಗ ಹೆಣ್ಣುಮಕ್ಕಳು ಸೀರೆಗೆ ಮಣಿಯ ಕುಚ್ಚು ಕಟ್ಟುತ್ತಾರೆ, ಸರ, ಕಿವಿಯೋಲೆ ಪೋಣಿಸುತ್ತಾರೆ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಉಳಿತಾಯದ ರೂಢಿ ಆಯಿತು, ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯ ಬಂತು. ಆದರೆ ದುಡಿಮೆಯ ಬೆಲೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಕೇಳಿದರೆ ಮನೆಯವರೇ ಅನ್ನುತ್ತಾರೆ: "ಖಾಲಿ ಕುಂತಾಗ ಮಾಡೂ ಕೆಲಸಕ್ಕ ಕೂಲಿ ಯಾಕ ಬೇಕವ್ವಾ?" ಈ ಒಂದು ಮಾತು ಇದೆಯಲ್ಲ, ಇದೇ ವೆನಿಸ್ಸಿನಲ್ಲೂ ನಡೆದದ್ದು, ಇಲ್ಲೂ ನಡೆಯುತ್ತಿರುವುದು. ಮನೆ ಕೆಲಸ, ಹೊಲದ ಕೆಲಸ ಮುಗಿಸಿ ರಾತ್ರಿ ದೀಪದಡಿ ಕಣ್ಣು ಕಿರಿದು ಮಾಡಿ ಪೋಣಿಸುವುದು ಖಾಲಿ ಕೂರುವುದು ಹೇಗಾದೀತು?

ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಒಂದು ಸರ ಮತ್ತು ಜೋಡಿ ಕಿವಿಯೋಲೆಗೆ ಮಣಿ, ಹರಳು, ಕೊಕ್ಕೆ, ದಾರ ಸೇರಿ 90 ರೂಪಾಯಿ ಎಂದುಕೊಳ್ಳಿ. ಕೆಲಸ ಐದು ತಾಸು. ಪೋಣಿಸಿದ ಕೂಲಿ 40 ರೂಪಾಯಿ. ಅಂಗಡಿಯಲ್ಲಿ ಮಾರುವ ಬೆಲೆ 450. ಅಂದರೆ ತಾಸಿಗೆ 8 ರೂಪಾಯಿ ದುಡಿದವಳಿಗೆ, 320 ರೂಪಾಯಿ ನಡುವಿನವರಿಗೆ. ಅದೇ ಹೆಣ್ಣುಮಕ್ಕಳು ಸೇರಿ ತಾಸಿಗೆ 40ರಂತೆ 200 ರೂಪಾಯಿ ದುಡಿಮೆ, 90 ರೂಪಾಯಿ ಸಾಮಾನು, 30 ರೂಪಾಯಿ ಇತರೆ ಖರ್ಚು ಹಿಡಿದು 320ಕ್ಕೆ ಅಂಗಡಿಗೆ ಕೊಟ್ಟರೂ ಅಂಗಡಿಯವನಿಗೆ 130 ರೂಪಾಯಿ ಉಳಿಯುತ್ತದೆ. ಕೊಳ್ಳುವವರಿಗೆ ಒಂದು ಪೈಸೆಯೂ ಏರುವುದಿಲ್ಲ. ಯಾರಿಗೂ ಅನ್ಯಾಯವಿಲ್ಲ.

ಇದಕ್ಕೆ ನಮ್ಮ ಸಂಘ ದೊಡ್ಡ ಬಂಡವಾಳ ಹೂಡಬೇಕಾಗಿಲ್ಲ. ದಸರಾ, ದೀಪಾವಳಿ, ಮದುವೆಯ ದಿನಗಳಿಗೆ ಎರಡು ತಿಂಗಳು ಮುಂಚೆ ಗುಂಪಿಗೆ ಸಣ್ಣ ಸಾಲ ಕೊಟ್ಟರೆ ಮಣಿಯನ್ನು ಸಗಟು ದರದಲ್ಲಿ ಒಟ್ಟಿಗೆ ತರಬಹುದು. ಪ್ರತಿಯೊಬ್ಬರೂ ಕೆಲಸದ ತಾಸು ಬರೆಯುವ ಒಂದು ನೋಟ್‌ಬುಕ್ ಇಡಬೇಕು, ಬರೆಯದ ದುಡಿಮೆಗೆ ಬೆಲೆ ಕೇಳಲಾಗದು. ಗಾಜಿನ ಮಣಿಗೂ ಪ್ಲಾಸ್ಟಿಕ್ ಮಣಿಗೂ ವ್ಯತ್ಯಾಸ ತಿಳಿದು ಕೊಳ್ಳಬೇಕು. ಗಾಜು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಕೈಗೆ ಭಾರ, ಒಂದಕ್ಕೊಂದು ತಾಗಿದರೆ ಕಿಣಿಕಿಣಿ ಅನ್ನುತ್ತದೆ. ಪ್ಲಾಸ್ಟಿಕ್ಕಿನ ಹೊಳಪು ಒಂದು ಹಬ್ಬಕ್ಕೆ ಸುಲಿದು ಹೋಗಬಹುದು. ಒಳ್ಳೆಯ ಮಣಿ, ಗಟ್ಟಿ ಗಂಟು, ಹೇಳಿದ ದಿನಕ್ಕೆ ಸರಕು, ಈ ಮೂರು ಇದ್ದರೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ.

ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಂಬಿ ನಮ್ಮ ಹಿರಿಯರು ಈ ಸಂಘ ಕಟ್ಟಿದರು. ಇಪ್ಪತ್ತೈದು ವರ್ಷ ರೈತನ ಬೀಜಕ್ಕೆ, ಗೊಬ್ಬರಕ್ಕೆ, ಎತ್ತಿಗೆ ನೆರವಾದ ಸಂಘ ಇನ್ನು ಮುಂದೆ ಆ ರೈತನ ಮನೆಯ ಹೆಣ್ಣುಮಗಳ ಸೂಜಿಗೂ ನೆರವಾಗಲಿ. ಮುಂದಿನ ವಾರ್ಷಿಕ ಸಭೆಯಲ್ಲಿ ಮಣಿಸರದ ಹೋಲಿಕೆ ಹೇಳುವವರು ಪೋಣಿಸಿದವಳನ್ನೂ ಹೆಸರು ಹಿಡಿದು ವೇದಿಕೆಗೆ ಕರೆಯುವಂತಾಗಲಿ.